ಮನಸ್ಸಿನ ಮಂಡಿಗೆ ಮತ್ತು ಪ್ರಯೋಗಾಲಯ

ಗುರಿ ಮುಟ್ಟಿದ ಹಾಗೆ ಕಣ್ಣುಮುಚ್ಚಿ ಕಲ್ಪಿಸಿಕೊಂಡರೆ ಸಾಕು, ಮುಟ್ಟಿಯೇ ಮುಟ್ಟುತ್ತೀರಿ ಎನ್ನುವ ಉಪದೇಶ ಅಮೆರಿಕದಲ್ಲಿ ಹಳೆಯದು. ನೆಪೋಲಿಯನ್ ಹಿಲ್ 1937ರಲ್ಲಿ ಬರೆದ ‘ಥಿಂಕ್ ಅಂಡ್ ಗ್ರೋ ರಿಚ್’ನಿಂದ ಹಿಡಿದು 2006ರ ‘ದಿ ಸೀಕ್ರೆಟ್’ವರೆಗೆ ಅದೇ ಸರಕು ಹೊಸ ಹೊಸ ರಟ್ಟಿನಲ್ಲಿ ಬಿಕರಿಯಾಗಿದೆ. ಮನೋವಿಜ್ಞಾನಿಗಳು ಹಿಡಿದದ್ದು ಬೇರೆ ದಾರಿ. ಅವರಿಗೆ ಸಿಕ್ಕ ಉತ್ತರ ಈ ಪುಸ್ತಕಗಳಿಗೆ ಅಷ್ಟೇನೂ ಹಿತವಾಗಿಲ್ಲ.

ಆರಂಭ ಸಣ್ಣದು. 1930ರ ದಶಕದ ಮೊದಲಲ್ಲಿ ಷಿಕಾಗೊದ ಎಡ್ಮಂಡ್ ಜೇಕಬ್ಸನ್, ತೋಳು ಮಡಿಸುವುದನ್ನು ಬರೀ ಊಹಿಸಿಕೊಂಡವರ ಸ್ನಾಯುಗಳಲ್ಲೂ ಅತಿ ಸೂಕ್ಷ್ಮವಾದ ವಿದ್ಯುತ್ ಚಟುವಟಿಕೆ ಇರುವುದನ್ನು ಅಳೆದು ತೋರಿಸಿದರು. ಆದರೆ ಆಗ ಅಮೆರಿಕದಲ್ಲಿ ವರ್ತನಾವಾದದ ಆಳ್ವಿಕೆ. ಹೊರಗೆ ಕಾಣುವ ನಡವಳಿಕೆಯಷ್ಟೇ ವಿಜ್ಞಾನ, ಒಳಗಿನ ಚಿತ್ರಗಳ ಮಾತೆತ್ತುವುದೇ ಅಪಚಾರ. 1971ರಲ್ಲಿ ಮನೋವಿಜ್ಞಾನಿಗಳಾದ ಶೆಪರ್ಡ್ ಮತ್ತು ಮೆಟ್ಜ್ಲರ್, ಒಂದು ಆಕೃತಿಯನ್ನು ಮನಸ್ಸಿನಲ್ಲಿ ಎಷ್ಟು ಹೆಚ್ಚು ತಿರುಗಿಸಬೇಕೋ ಉತ್ತರಕ್ಕೆ ಅಷ್ಟು ಹೆಚ್ಚು ಹೊತ್ತು ಬೇಕು ಎಂದು ತೋರಿಸಿದ ಮೇಲೆಯೇ ಮನಸ್ಸಿನ ಚಿತ್ರಗಳಿಗೆ ಮತ್ತೆ ಮರ್ಯಾದೆ ಬಂತು.

ಅಷ್ಟರಲ್ಲಿ ಕ್ರೀಡಾರಂಗ ಮುಂದೆ ಹೋಗಿತ್ತು. 1970ರ ದಶಕದಲ್ಲಿ ಮನೋವಿಜ್ಞಾನಿ ರಿಚರ್ಡ್ ಸುಯಿನ್ ಅಮೆರಿಕದ ಸ್ಕೀ ಪಟುಗಳಿಗೆ ಮೈ ಸಡಿಲಿಸಿ ಇಡೀ ಓಟವನ್ನು ಮನಸ್ಸಿನಲ್ಲೇ ಓಡಲು ಕಲಿಸಿದರು. ಫೆಲ್ಟ್ಜ್ ಮತ್ತು ಲ್ಯಾಂಡರ್ಸ್ 1983ರಲ್ಲಿ 60 ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿದರು: ಏನೂ ಮಾಡದಿರುವುದಕ್ಕಿಂತ ಮಾನಸಿಕ ಅಭ್ಯಾಸ ಖಂಡಿತ ಮೇಲು. 1994ರ ಇನ್ನೊಂದು ಪರಿಶೀಲನೆ ಅದಕ್ಕೆ ಮಿತಿ ಹಾಕಿತು. ಮೈ ಬಗ್ಗಿಸಿ ಮಾಡುವ ಅಭ್ಯಾಸಕ್ಕೆ ಇದು ಸಮನಲ್ಲ. ಸುಮಾರು ಎರಡು ವಾರದಲ್ಲಿ ಇದರ ಫಲ ಅರ್ಧಕ್ಕಿಳಿಯುತ್ತದೆ. ಒಂದು ಸಲಕ್ಕೆ ಇಪ್ಪತ್ತು ನಿಮಿಷ ಸಾಕು. 1995ರಲ್ಲಿ ನರವಿಜ್ಞಾನಿ ಪಾಸ್ಕಲ್-ಲಿಯೋನೆ ಐದು ದಿನ ಪಿಯಾನೊ ಅಭ್ಯಾಸವನ್ನು ಬರೀ ಊಹಿಸಿಕೊಂಡವರ ಮಿದುಳಿನಲ್ಲೂ ಬೆರಳುಗಳಿಗೆ ಸಂಬಂಧಿಸಿದ ಜಾಗ ಹಿಗ್ಗಿದ್ದನ್ನು ಕಂಡರು. ನುಡಿಸುವಿಕೆಯಲ್ಲಿ ಮಾತ್ರ ಅವರು ನಿಜವಾಗಿ ನುಡಿಸಿದವರಿಗಿಂತ ಹಿಂದಿದ್ದರು. ಪ್ರೇರಣಾ ಭಾಷಣಗಳಲ್ಲಿ ಈ ಕೊನೆಯ ವಾಕ್ಯ ಸಾಮಾನ್ಯವಾಗಿ ಮಾಯವಾಗಿರುತ್ತದೆ.

ನಿಜವಾದ ತಿರುವು ಬಂದದ್ದು ಪ್ರಶ್ನೆ ಬದಲಾದಾಗ. ಕಲ್ಪನೆ ಕೆಲಸ ಮಾಡುತ್ತದೆಯೇ ಎಂಬುದನ್ನು ಬಿಟ್ಟು, ಏನನ್ನು ಕಲ್ಪಿಸಿಕೊಳ್ಳಬೇಕು ಎಂದು ಕೇಳತೊಡಗಿದರು. ಲಾಸ್ ಏಂಜಲೀಸ್‌ನಲ್ಲಿ ಫಾಮ್ ಮತ್ತು ಶೆಲ್ಲಿ ಟೇಲರ್, ಪರೀಕ್ಷೆ ಹತ್ತಿರವಿದ್ದ ವಿದ್ಯಾರ್ಥಿಗಳಲ್ಲಿ ಕೆಲವರಿಗೆ ಒಳ್ಳೆಯ ಅಂಕ ಬಂದ ಸಂಭ್ರಮವನ್ನು, ಕೆಲವರಿಗೆ ಪುಸ್ತಕ ತೆರೆದು ಓದಲು ಕೂತಿರುವುದನ್ನು ದಿನವೂ ಊಹಿಸಿಕೊಳ್ಳಲು ಹೇಳಿದರು. 1999ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಓದುವುದನ್ನು ಊಹಿಸಿಕೊಂಡವರೇ ಹೆಚ್ಚು ಓದಿದರು, ಹೆಚ್ಚು ಅಂಕ ಪಡೆದರು.

ಮನೋವಿಜ್ಞಾನಿ ಗೇಬ್ರಿಯೆಲ್ ಊಟಿಂಗೆನ್ ಇನ್ನೂ ಕಟುವಾದದ್ದನ್ನು ಕಂಡಿದ್ದರು. ತೂಕ ಇಳಿಸುವ ಕಾರ್ಯಕ್ರಮಕ್ಕೆ ಸೇರಿದ 25 ಮಹಿಳೆಯರಲ್ಲಿ, ಇಳಿಸಬಲ್ಲೆ ಎಂಬ ನಂಬಿಕೆಯಿದ್ದವರಿಗೆ ಲಾಭವಾಯಿತು. ತೆಳ್ಳಗಾದ ತಮ್ಮ ಸುಂದರ ಚಿತ್ರದಲ್ಲಿ ಮೈಮರೆತವರು ಉಳಿದವರಿಗಿಂತ ಕಡಿಮೆ ತೂಕ ಇಳಿಸಿದರು. ಜರ್ಮನಿಯ ಪದವೀಧರರಲ್ಲೂ ಇದೇ ಕಥೆ: ಒಳ್ಳೆಯ ಕೆಲಸದ ಕನಸು ಹೆಚ್ಚು ಕಂಡವರು ಕಡಿಮೆ ಅರ್ಜಿ ಹಾಕಿದ್ದರು, ಕಡಿಮೆ ಸಂಬಳ ತರುತ್ತಿದ್ದರು. 2011ರಲ್ಲಿ ಹೆದರ್ ಕ್ಯಾಪಸ್ ಜೊತೆ ನಡೆಸಿದ ಪ್ರಯೋಗಗಳಲ್ಲಿ ಇಂಥ ಸುಖಕಲ್ಪನೆ ರಕ್ತದೊತ್ತಡವನ್ನೇ ತುಸು ಇಳಿಸುವುದು ಕಂಡಿತು. ಮನಸ್ಸಿನಲ್ಲಿ ಮಂಡಿಗೆ ತಿಂದ ದೇಹ ಹೊಟ್ಟೆ ತುಂಬಿದಂತೆ ಸುಮ್ಮನಾಗುತ್ತದೆ ಎನ್ನಬಹುದು.

ಹಾಗೆಂದು ಊಟಿಂಗೆನ್ ಕಲ್ಪನೆಯನ್ನು ಕೈಬಿಡಲಿಲ್ಲ. ಮೊದಲು ಬಯಕೆ, ಆಮೇಲೆ ಅದು ಈಡೇರಿದ ಚಿತ್ರ, ತಕ್ಷಣವೇ ತನ್ನೊಳಗಿನ ಅಡ್ಡಿ, ಕೊನೆಗೆ ಆ ಅಡ್ಡಿ ಎದುರಾದರೆ ಏನು ಮಾಡುತ್ತೇನೆಂಬ ತೀರ್ಮಾನ, ಇದು ಅವರ ಕ್ರಮ. ಕೊನೆಯ ಹೆಜ್ಜೆ ಅವರ ಪತಿ ಪೀಟರ್ ಗೋಲ್ವಿಟ್ಜರ್ ಅವರ ಸಂಶೋಧನೆಯಿಂದ ಬಂದದ್ದು. ಈಜುಗಾರ ಮೈಕೆಲ್ ಫೆಲ್ಪ್ಸ್ ಇದಕ್ಕೆ ಹತ್ತಿರದ ಉದಾಹರಣೆ. ಸಲೀಸಾದ ಈಜನ್ನಷ್ಟೇ ಅಲ್ಲ, ಕೆಟ್ಟುಹೋಗಬಹುದಾದ ಈಜನ್ನೂ ಊಹಿಸಿಕೊಳ್ಳುವುದು ಅವರ ರೂಢಿಯಾಗಿತ್ತು. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ 200 ಮೀಟರ್ ಬಟರ್‌ಫ್ಲೈ ನಡುವೆ ಕನ್ನಡಕದೊಳಗೆ ನೀರು ತುಂಬಿ ಕಣ್ಣು ಕಾಣದಾದಾಗ, ಕೈಬೀಸುಗಳನ್ನು ಎಣಿಸುತ್ತಾ ಗೋಡೆ ಮುಟ್ಟಿ ವಿಶ್ವದಾಖಲೆ ಬರೆದರು. ಒಬ್ಬ ಚಾಂಪಿಯನ್‌ನ ಕಥೆ ಪುರಾವೆಯಾಗದು, ನಿಜ. ಊಟಿಂಗೆನ್ ವಿಧಾನದ ಬಗೆಗಿನ ಪ್ರಯೋಗಗಳನ್ನು ಕೂಡಿಸಿ ನೋಡಿದವರು ಕಂಡ ಪರಿಣಾಮವೂ ಸಣ್ಣದರಿಂದ ಮಧ್ಯಮದಷ್ಟು ಮಾತ್ರ. ಅಷ್ಟನ್ನೇ ರಟ್ಟಿನ ಮೇಲೆ ಅಚ್ಚು ಹಾಕಿ ಪುಸ್ತಕ ಮಾರುವ ಪ್ರಕಾಶಕರು ಇನ್ನೂ ಹುಟ್ಟಬೇಕು.