‘ವಿಲನ್’ ಶಬ್ದದ ಪೂರ್ವೋತ್ತರ

ನಾಟಕದಲ್ಲಾಗಲಿ ಚಲಚ್ಚಿತ್ರದಲ್ಲಾಗಲಿ ನಾಯಕನಿಗೆ ಕೇಡು ಬಗೆಯುವ ಪಾತ್ರವನ್ನು ‘ವಿಲನ್’ ಎಂದು ಕರೆಯುವುದು ಕನ್ನಡಿಗರಲ್ಲಿಯೂ ರೂಢವಾಗಿದೆ. ಖಳನೆಂಬ ಮಾತು ನಮ್ಮಲ್ಲಿದ್ದರೂ ಜನರ ಬಾಯಲ್ಲಿ ಇದೇ ಹೆಚ್ಚಾಗಿ ನಿಂತಿದೆ. ಆದರೆ ಈ ಶಬ್ದವು ಮೂಲದಲ್ಲಿ ದುಷ್ಟನ ಹೆಸರಲ್ಲ. ಹೊಲವನ್ನು ಉತ್ತು ಬಿತ್ತಿ ಬಾಳುತ್ತಿದ್ದ ಒಕ್ಕಲಿನವನ ಹೆಸರು. ನಿರಪರಾಧಿಯಾದ ಆ ಹೆಸರು ನಿಂದೆಯ ಮಾತಾದ ಬಗೆಯನ್ನು ವಿಚಾರಿಸಿದರೆ ಯೂರೋಪಿನ ಸಮಾಜಚರಿತ್ರೆಯ ಒಂದು ಅಧ್ಯಾಯವೇ ಕಣ್ಣಿಗೆ ಕಟ್ಟುವುದು.

ಲ್ಯಾಟಿನ್ ಭಾಷೆಯಲ್ಲಿ ‘ವಿಲ್ಲಾ’ ಎಂದರೆ ನಗರದ ಹೊರಗೆ ಜಮೀನಿನ ನಡುವೆ ಕಟ್ಟಿದ ಮನೆ. ಕ್ರಿ. ಶ. 1ನೆಯ ಶತಮಾನದಲ್ಲಿ ಕೃಷಿಶಾಸ್ತ್ರವನ್ನು ಬರೆದ ಕೊಲುಮೆಲ್ಲನು ಇದನ್ನು ಮೂರಾಗಿ ವಿಭಾಗಿಸುತ್ತಾನೆ: ಒಡೆಯನ ವಾಸಕ್ಕೆ ಒಂದು ಭಾಗ, ಆಳುಗಳಿಗೂ ದನಗಳಿಗೂ ಒಂದು, ಬೆಳೆದ ಫಲವನ್ನು ಕೂಡಿಡುವುದಕ್ಕೆ ಇನ್ನೊಂದು. ಇಂಥ ವಿಲ್ಲಾಕ್ಕೆ ಸೇರಿದ ಒಕ್ಕಲು ಕಾಲಾನಂತರದಲ್ಲಿ ‘ವಿಲ್ಲಾನುಸ್’ ಎನಿಸಿದನು. ರೋಮಿನ ಪ್ರಭುತ್ವವು ಅಳಿದ ಮೇಲೆ ಮೂಲಶಬ್ದವು ನಾನಾ ಕಡೆ ಕವಲೊಡೆಯಿತು. ಫ್ರೆಂಚಿನಲ್ಲಿ ‘ವಿಲ್’ ಎಂದು ಪಟ್ಟಣವಾಯಿತು, ‘ವಿಲಾಜ್’ ಎಂದು ಗ್ರಾಮವಾಯಿತು. ಪೋರ್ತುಗೀಸಿನಲ್ಲಿ ‘ವಿಲ’ ಎಂಬುದು ಚಿಕ್ಕ ಪಟ್ಟಣ. ಜರ್ಮನರ ‘ವೈಲರ್’ ಎಂಬ ಕುಗ್ರಾಮವಾಚಕವೂ ಇದರ ಸಂತಾನವೇ. ಸ್ಥಳದ ಹೆಸರುಗಳಿಗೆ ಯಾವ ಕುಂದೂ ತಟ್ಟಲಿಲ್ಲ. ಕುಂದು ತಟ್ಟಿದ್ದು ಮನುಷ್ಯನ ಹೆಸರಿಗೆ.

ಮಧ್ಯಯುಗದ ಫ್ರಾನ್ಸಿನಲ್ಲಿ ಕಾವ್ಯವು ಬೆಳೆದುದು ಬಹುಮಟ್ಟಿಗೆ ಪ್ರಭುಗಳ ಆಶ್ರಯದಲ್ಲಿ. ಅಲ್ಲಿ ಆಸ್ಥಾನದ ನಡೆನುಡಿಯನ್ನು ಬಲ್ಲವನು ಸಭ್ಯ. ಅದಕ್ಕೆ ಪ್ರತಿಯಾದವನು ‘ವಿಲಾಂ’, ಎಂದರೆ ಹಳ್ಳಿಗ. ಹೀಗೆ ವೃತ್ತಿಯ ಹೆಸರು ಗುಣದ ಹೆಸರಾಯಿತು. ಇದಲ್ಲದೆ ಅಗ್ಗವಾದುದು, ಹೀನವಾದುದು ಎಂಬರ್ಥದ ‘ವೀಲಿಸ್’ ಎಂಬ ಬೇರೊಂದು ಲ್ಯಾಟಿನ್ ಶಬ್ದದಿಂದ ಬಂದ ‘ವಿಲ್’ ಎಂಬ ವಿಶೇಷಣವೂ ಆ ಭಾಷೆಯಲ್ಲಿತ್ತು. ಧ್ವನಿಸಾಮ್ಯದಿಂದ ಅದರ ಹೀನಾರ್ಥವು ಇದಕ್ಕೂ ಅಂಟಿಕೊಂಡಿತು. ಇಂದಿನ ಫ್ರೆಂಚಿನಲ್ಲಿ ‘ವಿಲಾಂ’ ಎಂದರೆ ಕೆಟ್ಟದ್ದು, ಕುರೂಪವಾದುದು. ರೈತನ ನೆನಪು ಚರಿತ್ರೆಯ ಗ್ರಂಥಗಳಲ್ಲಿ ಮಾತ್ರ ಉಳಿದಿದೆ.

1066ರಲ್ಲಿ ನಾರ್ಮನರು ಇಂಗ್ಲೆಂಡನ್ನು ಗೆದ್ದರು. 1086ರಲ್ಲಿ ಪ್ರಥಮ ವಿಲಿಯಂ ದೊರೆಯು ಮಾಡಿಸಿದ ‘ಡೂಮ್ಸ್‌ಡೇ’ ಲೆಕ್ಕದಲ್ಲಿ ಕಾಣಿಸುವ ವರ್ಗಗಳಲ್ಲೆಲ್ಲ ವಿಲ್ಲಾನರ ಸಂಖ್ಯೆಯೇ ಅಧಿಕ. ಗುಲಾಮರನ್ನು ಅದರಲ್ಲಿ ಬೇರೆಯಾಗಿ ಎಣಿಸಿರುವುದರಿಂದ ಇವರು ಗುಲಾಮರಲ್ಲವೆಂಬುದು ಸ್ಪಷ್ಟ. ಆದರೆ ಮುಂದಿನ ಎರಡು ಶತಮಾನಗಳಲ್ಲಿ ನ್ಯಾಯಶಾಸ್ತ್ರವು ಇವರನ್ನು ಭೂಮಿಗೆ ಕಟ್ಟಿಹಾಕಿತು. ಒಡೆಯನ ಮೇಲೆ ಹಿಡುವಳಿಯ ವ್ಯಾಜ್ಯವನ್ನು ರಾಜನ ನ್ಯಾಯಸ್ಥಾನಕ್ಕೆ ಒಯ್ಯುವ ಹಕ್ಕು ಇವರಿಗಿರಲಿಲ್ಲ. ಮಗಳ ಮದುವೆಗೆ ಒಡೆಯನಿಗೆ ಕಾಣಿಕೆ ತೆರಬೇಕಾಗಿತ್ತು. ಮನೆಯ ಯಜಮಾನನು ಸತ್ತರೆ ಕೊಟ್ಟಿಗೆಯ ಉತ್ತಮ ಪಶುವು ಒಡೆಯನ ಪಾಲಾಗುತ್ತಿತ್ತು. 1381ರಲ್ಲಿ ರೈತರು ದಂಗೆಯೆದ್ದು ಲಂಡನ್ನಿಗೆ ಬಂದಾಗ, ಹದಿನಾಲ್ಕು ವರ್ಷದ ದೊರೆ ಎರಡನೆಯ ರಿಚರ್ಡನು ಮೈಲ್ ಎಂಡ್ ಬಯಲಿನಲ್ಲಿ ಅವರಿಗೆ ಬಿಡುಗಡೆಯ ವಾಗ್ದಾನವನ್ನಿತ್ತನು. ದಂಗೆ ಅಡಗುತ್ತಲೇ, ಮರುತಿಂಗಳಲ್ಲಿಯೇ, ಆ ವಾಗ್ದಾನವನ್ನು ಹಿಂದೆಗೆದುಕೊಂಡನು. ಕ್ರಮೇಣ ಆ ಪದ್ಧತಿಯು ತಾನಾಗಿಯೇ ಕ್ಷಯಿಸಿತು; ಹೆಸರು ಮಾತ್ರ ಉಳಿಯಿತು. ಆಂಗ್ಲರು ಕಾಗುಣಿತವನ್ನು ಎರಡಾಗಿಸಿ, ಒಂದನ್ನು ಚರಿತ್ರೆಯ ಜೀತಗಾರನಿಗೂ ಇನ್ನೊಂದನ್ನು ದುಷ್ಟನಿಗೂ ಇಟ್ಟುಕೊಂಡರು. 19ನೆಯ ಶತಮಾನದಲ್ಲಿ ಈ ಎರಡನೆಯದು ಕಥೆ ನಾಟಕಗಳ ಕೇಡಿಗನಿಗೆ ಸಂಕೇತವಾಯಿತು. ನಮಗೆ ಬಂದುದು ಅದೇ.

ಎಲ್ಲೆಡೆಯೂ ಕಥೆ ಹೀಗೆಯೇ ಮುಗಿಯಲಿಲ್ಲವೆಂಬುದನ್ನು ಮರೆಯಬಾರದು. ಇಟಲಿಯಲ್ಲಿ ‘ವಿಲ್ಲಾನೊ’ ಎಂಬುದು ಒರಟನ ಹೆಸರಾದರೂ, 16ನೆಯ ಶತಮಾನದ ನೇಪಲ್ಸಿನಲ್ಲಿ ಹಳ್ಳಿಯ ಧಾಟಿಯ ಹಾಡಿಗೆ ‘ವಿಲ್ಲನೆಲ್ಲ’ ಎಂಬ ಇಂಪಾದ ಹೆಸರು ಬಂದಿತು. ಸ್ಪೇಯಿನಿನಲ್ಲಿ 1476ರಲ್ಲಿ ಫುಯೆಂತೆ ಒವೆಹೂನ ಎಂಬ ಊರಿನವರು ತಮ್ಮನ್ನು ಪೀಡಿಸುತ್ತಿದ್ದ ಅಧಿಕಾರಿಯನ್ನು ಕೊಂದರು. 1619ರಲ್ಲಿ ಅಚ್ಚಾದ ಲೋಪೆ ದೆ ವೇಗನ ನಾಟಕಕ್ಕೆ ಈ ಸಂಗತಿಯೇ ವಸ್ತು. ಕೊಂದವರಾರೆಂದು ಚಿತ್ರಹಿಂಸೆ ಕೊಟ್ಟು ಕೇಳಿದರೂ ಅದರಲ್ಲಿ ಹಳ್ಳಿಗರೆಲ್ಲರೂ ಊರಿನ ಹೆಸರನ್ನೇ ಹೇಳುತ್ತಾರೆ. ಮಾನವೆಂಬುದು ಕುಲೀನರ ಸೊತ್ತಲ್ಲ, ‘ವಿಲ್ಲಾನೊ’ವಿಗೂ ಅದುಂಟೆಂದು ಆ ಕವಿಯು ತೋರಿಸಿದನು.

ಇದನ್ನು ಓದಿ ಪರದೇಶದವರನ್ನು ಮಾತ್ರ ದೂರುವುದು ಉಚಿತವಲ್ಲ. ನಮ್ಮ ಆಲಂಕಾರಿಕರೂ ‘ಗ್ರಾಮ್ಯ’ವನ್ನು ದೋಷಗಳಲ್ಲಿ ಎಣಿಸಿದರು. ‘ಹಳ್ಳಿಗಮಾರ’ ಎಂದು ನಾವು ಇಂದಿಗೂ ಜರೆಯುತ್ತೇವೆ. ‘ಗಮಾರ’ನೂ ಗ್ರಾಮದವನೇ ಅಲ್ಲವೆ? ನಗರದವನು ‘ನಾಗರಿಕ’ನಾದುದೂ ಇದೇ ನ್ಯಾಯದಿಂದ. ನಿಘಂಟಿಗೆ ಅರ್ಥವನ್ನು ಕೊಡುವವರು ಬರೆಯಬಲ್ಲವರು. ಉಳುವವನಿಗೆ ಬಹುಕಾಲ ಲೇಖನಿಯು ದೊರೆಯಲಿಲ್ಲ.

ಈಗ ಬೆಂಗಳೂರಿನ ಹೊರವಲಯದಲ್ಲಿ ಸ್ಥಿತಿವಂತರಿಗಾಗಿ ಕಟ್ಟುವ ಮನೆಗಳಿಗೆ ‘ವಿಲ್ಲಾ’ ಎಂಬ ಹೆಸರುಂಟು. ಎರಡು ಸಾವಿರ ವರ್ಷಗಳಾದರೂ ಒಡೆಯನ ಮನೆಯ ಹೆಸರಿಗೆ ಗೌರವವು ತಪ್ಪಲಿಲ್ಲ. ಅದೇ ಮನೆಯ ಹೊಲದಲ್ಲಿ ದುಡಿದವನ ಹೆಸರಾದರೋ ಬೈಗುಳವಾಗಿ ನಮ್ಮ ನಾಲಗೆಯ ಮೇಲಿದೆ. ಶಬ್ದವನ್ನು ಬಿಡಬೇಕೆಂದು ಯಾರೂ ಹೇಳಲಾರರು. ಅದರ ಹಿಂದಿರುವ ಮನುಷ್ಯನನ್ನು ಒಮ್ಮೆ ನೆನೆಯುವುದು ಭಾಷಾಭಿಮಾನಿಗಳ ಕರ್ತವ್ಯ.