ಊರಿನ ಕಲ್ಲು, ಊರಿನ ಕಡತ

ಇತಿಹಾಸವೆಂದರೆ ರಾಜಧಾನಿಗಳ ಕಥೆಯೆಂಬ ಭಾವನೆ ನಮ್ಮಲ್ಲಿ ಬಹುಕಾಲದಿಂದ ಬೇರೂರಿದೆ. ಹಂಪೆಗೆ ಇತಿಹಾಸವುಂಟು, ಬಾದಾಮಿಗೆ ಉಂಟು, ಹಳೇಬೀಡಿಗೆ ಉಂಟು. ನಿಮ್ಮೂರಿಗೆ ಏನುಂಟು ಎಂದು ಯಾರಾದರೂ ಕೇಳಿದರೆ ಒಂದು ಸ್ಥಳಪುರಾಣವನ್ನು ಹೇಳಿ, ವನವಾಸದ ಕಾಲದಲ್ಲಿ ಪಾಂಡವರು ಇಲ್ಲಿ ಒಂದು ರಾತ್ರಿ ತಂಗಿದ್ದರೆಂದು ಸೇರಿಸಿ ಸುಮ್ಮನಾಗುತ್ತೇವೆ. (ಪಾಂಡವರು ತಂಗದ ಊರೊಂದು ಕನ್ನಡನಾಡಿನಲ್ಲಿ ಇದ್ದರೆ ಅದನ್ನು ನೋಡಿಬರಬೇಕೆಂದು ನನಗೆ ಬಹುದಿನದ ಆಸೆ.) ಆದರೆ ಅದೇ ಊರಿನ ಹನುಮಪ್ಪನ ಗುಡಿಯ ಹಿಂದೆ ಮೂರು ಅಂಕಣಗಳ ವೀರಗಲ್ಲೊಂದು ಮಣ್ಣಿನಲ್ಲಿ ಅರ್ಧ ಹೂತು ನಿಂತಿರುತ್ತದೆ. ಅದನ್ನು ಓದುವವರಿಲ್ಲ. ಓದಬೇಕೆಂದು ಯಾರಿಗೂ ತೋರುವುದೂ ಇಲ್ಲ.

ಹಳೆಯ ಮೈಸೂರು ಸಂಸ್ಥಾನದಲ್ಲಿ ಈ ಕೆಲಸಕ್ಕೆ ಸರಕಾರವೇ ಕೈಹಾಕಿತ್ತು. ಬಿ. ಎಲ್. ರೈಸ್ ಅವರು 1886ರಿಂದ 1905ರವರೆಗೆ ‘ಎಪಿಗ್ರಾಫಿಯ ಕರ್ನಾಟಿಕ’ದ 12 ಸಂಪುಟಗಳಲ್ಲಿ ಸುಮಾರು 9 ಸಾವಿರ ಶಾಸನಗಳನ್ನು ತಾಲ್ಲೂಕುವಾರು ಅಚ್ಚು ಹಾಕಿಸಿದರು. ಮುಂಬಯಿ ಪ್ರಾಂತಕ್ಕೆ ಸೇರಿದ್ದ ಉತ್ತರದ ಜಿಲ್ಲೆಗಳಿಗೆ ಆ ಭಾಗ್ಯವಿರಲಿಲ್ಲ. ಅಲ್ಲಿ ಕನ್ನಡವೇ ಪ್ರಾಂತದ ಒಂದು ಮೂಲೆಯ ಮಾತು. ಅದಕ್ಕೊಂದು ಇತಿಹಾಸವಿದೆಯೆಂಬುದನ್ನು ಮೊದಲು ರುಜುಪಡಿಸಬೇಕಾಗಿತ್ತು.

ಆ ಸೀಮೆಯ ಕಲ್ಲುಗಳನ್ನು ಮೊದಲು ಮನಸ್ಸಿಟ್ಟು ನೋಡಿದವನು ಒಬ್ಬ ಬ್ರಿಟಿಷ್ ಅಧಿಕಾರಿ, ವಾಲ್ಟರ್ ಎಲಿಯಟ್. 1824ರ ಕಿತ್ತೂರಿನ ಕಾಳಗದಲ್ಲಿ ಥ್ಯಾಕರೆ ಮಡಿದನೆಂಬುದನ್ನು ನಾವೆಲ್ಲ ಪಾಠಪುಸ್ತಕದಲ್ಲಿ ಓದಿದ್ದೇವೆ. ಅಂದು ಸೆರೆಸಿಕ್ಕ ಇಬ್ಬರು ಬ್ರಿಟಿಷರಲ್ಲಿ ಈ ಎಲಿಯಟ್ ಒಬ್ಬನೆಂಬುದನ್ನು ಮಾತ್ರ ನೆನೆಯುವವರು ಕಡಿಮೆ. ರಾಣಿ ಚೆನ್ನಮ್ಮನ ಸೆರೆಯಿಂದ ಬಿಡುಗಡೆಯಾದ ಈತನೇ ಮುಂದೆ ಕನ್ನಡ ಜಿಲ್ಲೆಗಳನ್ನು ಸುತ್ತಿ 595 ಶಾಸನಗಳ ಪ್ರತಿಗಳನ್ನು ಕೂಡಿಸಿದನು; ಚಾಲುಕ್ಯರ ವಂಶಾವಳಿಯನ್ನು ಕಟ್ಟಲು ತೊಡಗಿದನು. ಆಮೇಲೆ ಬಂದ ಜೆ. ಎಫ್. ಫ್ಲೀಟ್ 1882ರಲ್ಲಿ ಕನ್ನಡ ಜಿಲ್ಲೆಗಳ ರಾಜವಂಶಗಳ ಮೇಲೆ ಪುಸ್ತಕವನ್ನೇ ಬರೆದನು. ಇವರನ್ನು ಲೂಟಿಕಾರರೆಂದು ಬೈಯುವುದು ಸುಲಭ. ಆದರೆ ಅದು ನ್ಯಾಯವಲ್ಲ. ಕಲ್ಲುಗಳು ಇದ್ದ ಜಾಗದಲ್ಲಿಯೇ ಉಳಿದುವು. ಹೊರಟುಹೋದದ್ದು ಅವುಗಳ ಅರ್ಥ. ಎಲಿಯಟ್ಟನ ಕೈಬರಹದ ಸಂಪುಟಗಳು ಬ್ರಿಟನ್ನಿನ ಗ್ರಂಥಭಂಡಾರಗಳನ್ನು ಸೇರಿದುವು, ಫ್ಲೀಟನ ಪುಸ್ತಕ ಇಂಗ್ಲಿಷಿನಲ್ಲಿತ್ತು. ಶಾಸನವಿದ್ದ ಊರಿನ ಗೌಡನಿಗಾಗಲಿ ಶಾನಭೋಗನಿಗಾಗಲಿ ತನ್ನ ಬಾಗಿಲಲ್ಲಿ ನಿಂತ ಕಲ್ಲು ಏನು ಹೇಳುತ್ತದೆಂಬುದು ಹಿಂದಿನಷ್ಟೇ ಗೂಢವಾಗಿ ಉಳಿಯಿತು.

1914ರಲ್ಲಿ ಧಾರವಾಡದಲ್ಲಿ ಕರ್ನಾಟಕ ಇತಿಹಾಸ ಸಂಶೋಧನ ಮಂಡಳ ಹುಟ್ಟಿದ್ದನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಆಗ ಧಾರವಾಡ ಸುಮಾರು 30 ಸಾವಿರ ಜನರ ಊರು. ವಕೀಲರು, ಮಾಸ್ತರರು, ಕಚೇರಿಯ ಕಾರಕೂನರು, ಮಳೆಗಾಲದ ಕೆಸರು. ಮಂಡಳದ ಹಿಂದಿದ್ದ ಆಲೂರು ವೆಂಕಟರಾಯರು ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಓದಿದವರು, ವಕೀಲಿ ಪರೀಕ್ಷೆಯನ್ನು ಮಾಡಿದವರು. ಪುಣೆಯಲ್ಲಿ ವಿ. ಕಾ. ರಾಜವಾಡೆ ಮೊದಲಾದವರು 1910ರಲ್ಲಿಯೇ ಭಾರತ ಇತಿಹಾಸ ಸಂಶೋಧಕ ಮಂಡಳವನ್ನು ಸ್ಥಾಪಿಸಿ, ಮರಾಠರ ಹಳೆಯ ಕಾಗದಪತ್ರಗಳನ್ನು ವಾಡೆಗಳ ಅಟ್ಟಗಳಿಂದ ಇಳಿಸಿ ಓದುತ್ತಿದ್ದರು. ನೆರೆಮನೆಯಲ್ಲಿ ದೀಪ ಹಚ್ಚಿದ್ದು ಕಂಡಾಗ ನಮ್ಮ ಮನೆಯ ಕತ್ತಲೆ ಅರಿವಾಗುವುದು ಸಹಜವಲ್ಲವೆ? ಆಲೂರರು 1905ರಲ್ಲಿ ಹಂಪೆಯನ್ನು ಕಂಡು ಬಂದಂದಿನಿಂದ ಆ ಕತ್ತಲೆ ಅವರನ್ನು ಬಿಟ್ಟಿರಲಿಲ್ಲ.

1917ರಲ್ಲಿ ಹೊರಬಂದ ಅವರ ‘ಕರ್ನಾಟಕ ಗತವೈಭವ’ವನ್ನು ಇಂದಿನ ಇತಿಹಾಸದ ಪ್ರಾಧ್ಯಾಪಕರು ಕೈಗೆತ್ತಿಕೊಂಡರೆ ಹುಬ್ಬೇರಿಸುತ್ತಾರೆ. ಭಾವಾವೇಶ ಹೆಚ್ಚು, ಸಂಶಯ ಕಡಿಮೆ, ಎಲ್ಲ ಅರಸರೂ ಧೀರರೇ. ಮಾತು ಸುಳ್ಳಲ್ಲ. ಆದರೂ ಆ ಪುಸ್ತಕದ ಪಕ್ಷವನ್ನು ವಹಿಸಲು ನಾನು ಹಿಂಜರಿಯುವುದಿಲ್ಲ. ಫ್ಲೀಟನ ಸಾಮಗ್ರಿಯನ್ನು ಕನ್ನಡಕ್ಕೆ ತಿರುಗಿಸಿ, ಅದನ್ನು ಹಳ್ಳಿಯ ಶಾಲೆಯ ಮಾಸ್ತರನ ಕೈಗೆ ಮುಟ್ಟಿಸಿದ ಪುಸ್ತಕ ಅದು. ಕಾವೇರಿಯಿಂದ ಗೋದಾವರಿಯವರೆಗಿನ ನಾಡೊಂದನ್ನು ‘ಕವಿರಾಜಮಾರ್ಗ’ ಒಂಬತ್ತನೆಯ ಶತಮಾನದಲ್ಲಿಯೇ ಕನ್ನಡವೆಂದು ಗುರುತಿಸಿದೆಯೆಂಬ ಸಂಗತಿ, ಐದಾರು ಆಡಳಿತಗಳಲ್ಲಿ ಹರಿದು ಹಂಚಿಹೋಗಿದ್ದ ಜನಕ್ಕೆ ಬರಿಯ ಸಾಹಿತ್ಯದ ಸುದ್ದಿಯಾಗಿರಲಿಲ್ಲ. 1956ರಲ್ಲಿ ರಾಜ್ಯವೊಂದಾದುದರ ಬೇರುಗಳಲ್ಲಿ ಒಂದು ಇಲ್ಲಿಯೂ ಇದೆ.

ಮಂಡಳದ ಮುಂದಿನ ದಾರಿಯಲ್ಲಿ ಒಂದು ತೊಡಕಿತ್ತು. ವಿದ್ವಾಂಸರ ಜಗತ್ತಿನಲ್ಲಿ ಮಾತು ನಡೆಯಬೇಕಾದರೆ ಇಂಗ್ಲಿಷ್ ಬೇಕು. ಮಂಡಳ ತನ್ನ ಸಂಶೋಧನ ಪತ್ರಿಕೆಯನ್ನು ಆ ಭಾಷೆಯಲ್ಲಿಯೇ ಹೊರಡಿಸಿತು. 1936ರಲ್ಲಿ ವಿಜಯನಗರದ ಆರುನೂರನೆಯ ವರ್ಷದ ಉತ್ಸವವಾದಾಗ ಧಾರವಾಡದಿಂದ ಹೊರಬಂದ ಸ್ಮಾರಕ ಗ್ರಂಥವೂ ಇಂಗ್ಲಿಷಿನದೇ. ಗ್ರಂಥಕ್ಕೆ ಮನ್ನಣೆ ದೊರೆಯಿತು, ದೊರೆಯತಕ್ಕದ್ದೇ. 1939ರಲ್ಲಿ ಧಾರವಾಡದಲ್ಲಿಯೇ ಕನ್ನಡ ಸಂಶೋಧನ ಸಂಸ್ಥೆ ಸ್ಥಾಪಿತವಾಗಿ ಆರ್. ಎಸ್. ಪಂಚಮುಖಿಯವರು ಅದರ ಮೊದಲ ನಿರ್ದೇಶಕರಾದರು. ಶಾಸನ ಓದುವ ಕೆಲಸ ಶಾಸ್ತ್ರಶುದ್ಧವಾಯಿತು. ಆದರೆ ಶಾಸ್ತ್ರ ಬೆಳೆದಂತೆ ಊರು ಸ್ವಲ್ಪ ದೂರ ಸರಿಯಿತೇನೋ ಎಂದು ನನಗನಿಸುತ್ತದೆ. ಕಾಪಾಡುವುದು ಒಂದು ಕೆಲಸ, ಹಂಚುವುದು ಇನ್ನೊಂದು. ಎರಡನ್ನೂ ಒಂದೇ ಕೈ ಮಾಡುವುದು ಅಪರೂಪ.

ಅಂಥ ಅಪರೂಪದ ಕೈಯೊಂದನ್ನು ಕಾಣಬೇಕಾದರೆ ಮಲೆನಾಡಿಗೆ ಹೋಗಬೇಕು. ಸಾಗರದ ಹತ್ತಿರದ ಕೆಳದಿ ಒಂದು ಕಾಲಕ್ಕೆ ನಾಯಕರ ಮೂಲಸ್ಥಾನ. ಶಿಸ್ತಿನ ಶಿವಪ್ಪನಾಯಕನ ವಂಶ, ಔರಂಗಜೇಬನ ಸೈನ್ಯಕ್ಕೆ ಹೆದರದೆ ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟ ಚೆನ್ನಮ್ಮಾಜಿಯ ಮನೆತನ. 1763ರಲ್ಲಿ ಹೈದರಾಲಿ ಬಿದನೂರನ್ನು ತೆಗೆದುಕೊಂಡ ಮೇಲೆ ಕೆಳದಿ ಒಂದು ಹಳ್ಳಿಯಾಗಿ ಉಳಿಯಿತು. ಆ ಹಳ್ಳಿಯಲ್ಲಿ ಕೆಳದಿ ಗುಂಡಾಜೋಯಿಸರು ಮನೆಮನೆ ತಿರುಗಿ ಓಲೆಗರಿ, ತಾಮ್ರಪಟ, ನಾಣ್ಯ, ಹಳೆಯ ಕಾಗದಗಳನ್ನು ಕೂಡಿಸಿ ಒಂದು ವಸ್ತುಸಂಗ್ರಹಾಲಯವನ್ನು ಕಟ್ಟಿದರು. ತಿಗಳಾರಿ ಲಿಪಿಯನ್ನು ಓದಬಲ್ಲವರು ಬೆರಳೆಣಿಕೆಗೆ ಇಳಿದ ಕಾಲದಲ್ಲಿ ಅದನ್ನು ಓದಿದರು. ಅವರು ಕಟ್ಟಿದ್ದು ಈಗ ಕುವೆಂಪು ವಿಶ್ವವಿದ್ಯಾನಿಲಯದ ಆಶ್ರಯದಲ್ಲಿದೆ. ಅಟ್ಟದ ಮೇಲಿನ ಓಲೆಕಟ್ಟನ್ನು ಒಬ್ಬ ಮನೆಯ ಯಜಮಾನ ಅಪರಿಚಿತ ಪ್ರಾಧ್ಯಾಪಕನಿಗೆ ಕೊಡಲಾರ. ಊರಿನ ಜೋಯಿಸರಿಗೆ ಕೊಟ್ಟಾನು. ಊರಿನವರೇ ಮಾಡುವ ಸಂಗ್ರಹದ ಬಲವಿರುವುದು ಇಲ್ಲಿ.

ಕೊಡದೆ ಇಟ್ಟುಕೊಂಡವು ಏನಾಗುತ್ತವೆ? ಕೆಲವನ್ನು ಗೆದ್ದಲು ತಿನ್ನುತ್ತದೆ, ಕೆಲವು ಆಯುಧಪೂಜೆಯ ದಿನ ಅರಿಸಿನ ಕುಂಕುಮ ಹಚ್ಚಿಸಿಕೊಂಡು ಮತ್ತೆ ಅಟ್ಟ ಹತ್ತುತ್ತವೆ, ಕೆಲವು ‘ಪುಣ್ಯ ಬರಲಿ’ ಎಂದು ಹೊಳೆಯ ಪಾಲಾಗುತ್ತವೆ. ಕಡತವನ್ನೇ ತೆಗೆದುಕೊಳ್ಳಿ. ಇಂದು ಕಚೇರಿಯ ಫೈಲಿಗೆ ಕಡತವೆನ್ನುತ್ತೇವೆ. ಮೂಲದಲ್ಲಿ ಅದು ಬಟ್ಟೆ. ಹುಣಿಸೆಬೀಜದ ಅಂಟಿನಲ್ಲಿ ಇದ್ದಿಲಿನ ಪುಡಿಯನ್ನು ಕಲಸಿ, ಬಟ್ಟೆಗೆ ಬಳಿದು ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಅದರ ಮೇಲೆ ಬಳಪದಿಂದ ಬರೆಯುತ್ತಿದ್ದರು. ಒದ್ದೆ ಕೈ ತಾಗಿದರೆ ಅಕ್ಷರ ಹೋಯಿತು. ಇಂಥ ಬರಹಗಳನ್ನು ಕಾಪಾಡಿಕೊಂಡು ಬಂದ ಸ್ಥಳಗಳಲ್ಲಿ ಶೃಂಗೇರಿ ಮಠವೂ ಒಂದು. ಅಲ್ಲಿಯೇ ಅಲ್ಲವೆ, 1916ರಲ್ಲಿ ಮೈಸೂರಿನ ಪ್ರಾಕ್ತನ ಇಲಾಖೆಯ ಆರ್. ನರಸಿಂಹಾಚಾರ್ಯರು ಟಿಪ್ಪು ಸುಲ್ತಾನನು ಜಗದ್ಗುರುಗಳಿಗೆ ಬರೆಯಿಸಿದ ಕನ್ನಡ ಪತ್ರಗಳನ್ನು ಕಂಡದ್ದು! ಮರಾಠರ ದಂಡು 1791ರಲ್ಲಿ ಮಠವನ್ನು ಸೂರೆಮಾಡಿದ ಸಂದರ್ಭದ ಪತ್ರಗಳೂ ಅದರಲ್ಲಿವೆ. ಯಾರ ಪಕ್ಷದ ಇತಿಹಾಸವನ್ನು ಬರೆಯುವವನೇ ಆಗಲಿ, ಆ ಪತ್ರಗಳನ್ನು ದಾಟಿ ಹೋಗಲಾರ. ಮಠದವರು ಅವನ್ನು ಹಳೆಯ ರದ್ದಿಯೆಂದು ಹಾಕಿದ್ದರೆ?

ಕನ್ನಡ ಪಾಠ ಹೇಳುವ ನನ್ನಂಥವರಿಗೆ ಇನ್ನೊಂದು ಸಾಲವೂ ಉಂಟು. ಈಗ ತೆಲಂಗಾಣದಲ್ಲಿರುವ ಕುರ್ಕ್ಯಾಲದ ಬಂಡೆಯೊಂದರ ಮೇಲೆ ಪಂಪನ ತಮ್ಮ ಜಿನವಲ್ಲಭನು ಸಂಸ್ಕೃತ, ಕನ್ನಡ, ತೆಲುಗುಗಳಲ್ಲಿ ಶಾಸನ ಕೆತ್ತಿಸಿದ್ದಾನೆ. ಆದಿಕವಿಗೆ ತಮ್ಮನೊಬ್ಬನಿದ್ದನೆಂದು ನಮಗೆ ಹೇಳಿದ್ದು ಕಾವ್ಯವಲ್ಲ, ಬಂಡೆ.

ಆದುದರಿಂದ ವರ್ಷಕ್ಕೊಮ್ಮೆಯಾದರೂ ವಿದ್ಯಾರ್ಥಿಗಳನ್ನು ಕರೆದುಕೊಂಡು ಯಾವುದಾದರೂ ಹಳ್ಳಿಗೆ ಹೋಗುತ್ತೇನೆ. ಹೋದ ವರ್ಷ ಹೋದ ಊರಿನಲ್ಲಿ ಕಲ್ಲು ಸಿಕ್ಕಿದ್ದು ಕೆರೆಯ ದಂಡೆಯಲ್ಲಿ, ಬಟ್ಟೆ ಒಗೆಯುವ ಹಾಸುಗಲ್ಲಾಗಿ. ಅಕ್ಷರದ ಮುಖ ಕೆಳಗಿದ್ದುದೇ ಪುಣ್ಯ. ನಾಲ್ಕಾರು ಜನ ಸೇರಿ ಅದನ್ನು ಹೊರಳಿಸಿ, ಕುಂಚದಿಂದ ತಿಕ್ಕಿ ತೊಳೆದು, ಒದ್ದೆ ಕಾಗದವನ್ನು ಹಾಸಿ, ಬಿರುಗೂದಲ ಕುಂಚದಿಂದ ಬಡಿದು ಬಡಿದು ಅಕ್ಷರದ ಹಳ್ಳಕ್ಕೆ ಕಾಗದ ಇಳಿಯುವಂತೆ ಮಾಡಿ, ಮೇಲೆ ಮಸಿಯ ಉಂಡೆಯನ್ನು ಒತ್ತಿದೆವು. ಕಪ್ಪಿನ ನಡುವೆ ಬಿಳಿಯ ಅಕ್ಷರಗಳು ಒಂದೊಂದಾಗಿ ಎದ್ದುಬಂದಾಗ ಸದಾ ಮೊಬೈಲು ನೋಡುವ ಹುಡುಗರೂ ಉಸಿರು ಬಿಗಿಹಿಡಿದು ನಿಂತಿದ್ದರು. ಒಗೆಯಲು ಬಂದಿದ್ದ ಮುದುಕಿಯೊಬ್ಬಳು ಬುಟ್ಟಿಯನ್ನು ಇಳಿಸಿ, “ಏನ್ ಬರದೈತ್ರೀ ಅದರಾಗ? ನಮ್ಗೂ ಒಂದೀಟು ಓದಿ ಹೇಳ್ರಿ” ಎಂದಳು.

ಅಂದು ಸಂಜೆ ಊರ ಕಟ್ಟೆಯ ಮೇಲೆ ಕುಳಿತು ಓದಿ ಹೇಳಿದೆವು. ಕೆರೆಯ ಜೀರ್ಣೋದ್ಧಾರಕ್ಕೆಂದು ಇಷ್ಟು ಮತ್ತರು ಭೂಮಿ ಬಿಟ್ಟುದು, ಅದರ ಎಲ್ಲೆ, ಕೊನೆಗೆ ತಪ್ಪಿದವನಿಗೆ ಶಾಪ, ಇಷ್ಟೇ. ಅರಸನ ಬಿರುದುಗಳನ್ನು ಓದುವಾಗ ಜನ ಆಕಳಿಸಿದರು. ಎಲ್ಲೆ ಬಂದೊಡನೆ ಎಲ್ಲರೂ ಎಚ್ಚರಗೊಂಡರು. ಮೂಡಣ ದಿಕ್ಕಿನ ಹಳ್ಳ ಯಾವುದು, ಪಡುವಣ ಗುಡ್ಡ ಯಾವುದು ಎಂದು ವಾದ ಹತ್ತಿತು. ಆ ಹೊಲ ಈಗ ಯಾರ ಕೈಯಲ್ಲಿದೆ ಎಂಬ ಪ್ರಶ್ನೆಯನ್ನು ಹುಡುಗನೊಬ್ಬ ಎತ್ತಿದಾಗ ಕಟ್ಟೆಯ ಮೇಲೆ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಕಲ್ಲು ಈಗ ಪಂಚಾಯತಿ ಕಟ್ಟಡದ ಗೋಡೆಗೆ ಒರಗಿ ನಿಂತಿದೆ. ಒಗೆಯುವುದಕ್ಕೆ ಬೇರೊಂದು ಚಪ್ಪಡಿಯನ್ನು ಹಾಕಿಸಿಕೊಡಬೇಕೆಂದು ಹೆಂಗಸರು ಹಟ ಹಿಡಿದರು. ಪಂಚಾಯತಿಯವರು ಅದನ್ನೂ ಹಾಕಿಸಿದ್ದಾರೆ.