ಮೂರು ಗಂಟೆಯ ಲೆಕ್ಕ

ಕೊಲೆ ಮಾಡಿದವನೇ ನೆಟ್ಟಗೆ ನಡೆದು ಬಂದು ಶರಣಾದ ಮೇಲೆ ಪತ್ತೇದಾರನಿಗೆ ಇನ್ನೇನು ಕೆಲಸ ಉಳೀತದೆ? 1959ರ ಏಪ್ರಿಲ್ 27ರ ಸಂಜೆ ಬಾಂಬೆ ಕ್ರೈಮ್ ಬ್ರಾಂಚಿನ ಡೆಪ್ಯುಟಿ ಕಮಿಷನರ್ ಜಾನ್ ಲೋಬೋ ಅವರ ಮುಂದೆ ಬಂದು ನಿಂತಿದ್ದು ಅಂಥದ್ದೇ ಕೇಸು. ನೌಕಾಪಡೆಯ ಕಮಾಂಡರ್ ಕಾವಸ್ ಮಾಣೆಕ್‌ಶಾ ನಾನಾವತಿ, ನಮ್ಮ ಮೈಸೂರಿನ ಹೆಸರು ಹೊತ್ತ ಯುದ್ಧನೌಕೆ ಐಎನ್ಎಸ್ ಮೈಸೂರಿನಲ್ಲಿ ಕ್ಯಾಪ್ಟನ್ ನಂತರದ ಸ್ಥಾನದಲ್ಲಿದ್ದವರು. ಹೆಂಡತಿಯ ಪ್ರಿಯಕರ ಪ್ರೇಮ್ ಅಹುಜಾಗೆ ಗುಂಡು ಹೊಡೆದು, ನೌಕಾಪಡೆಯ ಪ್ರೊವೋಸ್ಟ್ ಮಾರ್ಷಲ್ ಸ್ಯಾಮ್ಯುಯೆಲ್ ಅವರ ಮನೆಗೆ ಹೋಗಿ ವಿಷಯ ಹೇಳಿದರು. ಲೋಬೋ ಹತ್ತಿರ ಹೋಗಿ ಅಂದವರು ಅವರೇ.

ಕೇಸ್ ಕ್ಲೋಸ್ ಅಂತ ನಮಗೆ ಅನಿಸಬಹುದು. ಅಲ್ಲ ವೀಕ್ಷಕರೇ. ಪೊಲೀಸರ ಮುಂದೆ ಕೊಟ್ಟ ತಪ್ಪೊಪ್ಪಿಗೆ ನಮ್ಮ ಕಾನೂನಿನಲ್ಲಿ ಕೋರ್ಟಿಗೆ ಸಾಕ್ಷ್ಯ ಆಗೋದಿಲ್ಲ. ಜೊತೆಗೆ ಇಂಥ ಕೇಸಿನಲ್ಲಿ ಯಾರು ಕೊಂದರು ಅನ್ನೋದು ದೊಡ್ಡ ಪ್ರಶ್ನೆಯೇ ಅಲ್ಲ. ಯಾವ ಮನಃಸ್ಥಿತಿಯಲ್ಲಿ ಕೊಂದರು? ಕೋಪ ಬಂದ ಗಳಿಗೆಗೂ ಗುಂಡು ಹಾರಿದ ಗಳಿಗೆಗೂ ನಡುವೆ ಎಷ್ಟು ಹೊತ್ತಿತ್ತು? ಗಂಭೀರವೂ ಹಠಾತ್ತೂ ಆದ ಪ್ರಚೋದನೆಗೆ ಸಿಕ್ಕಿ ಕೊಂದರೆ ಕಾನೂನು ಅದನ್ನು ಕೊಲೆ ಅನ್ನೋದಿಲ್ಲ, ಶಿಕ್ಷೆ ಕಡಿಮೆ. ಯೋಚಿಸಿ ಕೊಂದರೆ ಜೀವಾವಧಿ ಅಥವಾ ನೇಣು. ಆದ್ದರಿಂದ ತನಿಖೆ ಅಂದರೆ ಆ ದಿನದ ಒಂದೊಂದು ಗಂಟೆಯನ್ನೂ ಜೋಡಿಸುವ ಕೆಲಸ.

ಆ ದಿನ ಹೀಗಿತ್ತು ನೋಡಿ. ಬೆಳಿಗ್ಗೆ ಗಂಡ ಹೆಂಡತಿ ಇಬ್ಬರೂ ಕಾಯಿಲೆ ಬಿದ್ದ ನಾಯಿಯನ್ನು ಪರೇಲ್‌ನ ಆಸ್ಪತ್ರೆಗೆ ಕರೆದುಕೊಂಡು ಹೋದರು. ಮಧ್ಯಾಹ್ನದ ಆಟಕ್ಕೆ ಸಿನಿಮಾ ಟಿಕೆಟ್ ತಗೊಂಡರು. ಎಲ್ಲರ ಮನೆಯಲ್ಲೂ ನಡೆಯುವಂಥ ಒಂದು ಸಾಮಾನ್ಯ ದಿನ. ಇಂಗ್ಲೆಂಡಿನಲ್ಲಿ 1949ರಲ್ಲಿ ಮದುವೆಯಾಗಿದ್ದ ಸಿಲ್ವಿಯಾ ಕೆಲವು ದಿನಗಳಿಂದ ದೂರ ದೂರ ಇರೋದು ನಾನಾವತಿಗೆ ತಿಳಿದಿತ್ತು. ಗಂಡ ತಿಂಗಳುಗಟ್ಟಲೆ ಹಡಗಿನಲ್ಲಿ, ಹೆಂಡತಿ ಮೂರು ಮಕ್ಕಳ ಜೊತೆ ಮನೆಯಲ್ಲಿ. ಊಟದ ಹೊತ್ತಿಗೆ ಕೇಳಿದರು. ಆಕೆ ಒಪ್ಪಿಕೊಂಡಳು.

ಆಮೇಲೆ ನಡೆದದ್ದೇ ವಿಚಿತ್ರ. ಅದೇ ಟಿಕೆಟ್ ಹಿಡಿದು ನಾನಾವತಿ ಹೆಂಡತಿ ಮಕ್ಕಳನ್ನು ಮೆಟ್ರೋ ಚಿತ್ರಮಂದಿರಕ್ಕೆ ಬಿಟ್ಟರು, ಆರು ಗಂಟೆಗೆ ಬಂದು ಕರೆದುಕೊಂಡು ಹೋಗ್ತೀನಿ ಅಂದರು. ಅಲ್ಲಿಂದ ಹಡಗಿಗೆ. ಸುಳ್ಳು ಕಾರಣ ಹೇಳಿ ಒಂದು ರಿವಾಲ್ವರ್, ಆರು ಗುಂಡು ಪಡೆದು ಕಂದು ಲಕೋಟೆಯೊಳಗೆ ಹಾಕಿಕೊಂಡರು. ಅಲ್ಲಿಂದ ಅಹುಜಾನ ಕಾರು ಶೋರೂಮಿಗೆ. ಅವನಿಲ್ಲ. ಅಲ್ಲಿಂದ ಅವನ ಫ್ಲ್ಯಾಟಿಗೆ. ಮಲಗುವ ಕೋಣೆಯ ಬಾಗಿಲು ಹಾಕಿಕೊಂಡ ಮೇಲೆ ಒಂದು ನಿಮಿಷವೂ ಆಗಿರಲಿಕ್ಕಿಲ್ಲ, ಮೂರು ಗುಂಡು.

ಡಿಫೆನ್ಸ್ ಏನು ಹೇಳಿತು? ಕೊಲ್ಲಲು ಹೋಗಿದ್ದಲ್ಲ, ಸಿಲ್ವಿಯಾಳನ್ನು ಮದುವೆಯಾಗಿ ಮಕ್ಕಳನ್ನು ನೋಡಿಕೊಳ್ತೀಯಾ ಅಂತ ಕೇಳಲು ಹೋಗಿದ್ದು. ಅಹುಜಾ ಅವಮಾನದ ಮಾತಾಡಿ ಲಕೋಟೆಗೆ ಕೈ ಹಾಕಿದ, ಕೈ ಕೈ ಮಿಲಾಯಿಸಿದಾಗ ಗುಂಡು ತಾನಾಗಿ ಹಾರಿತು. ಕೇಳಲು ಸಿನಿಮಾ ಥರಾನೇ ಇದೆ. ಆದರೆ ಅಹುಜಾ ಸ್ನಾನ ಮುಗಿಸಿ ಟವೆಲ್ ಸುತ್ತಿಕೊಂಡಿದ್ದ. ಹೆಣ ಸಿಕ್ಕಾಗ ಆ ಟವೆಲ್ ಹಾಗೇ ಸೊಂಟದಲ್ಲಿತ್ತು, ಸಡಿಲ ಕೂಡ ಆಗಿರಲಿಲ್ಲ! ಜಟಾಪಟಿ ನಡೆದಿದ್ದರೆ ಮೊದಲು ಬೀಳಬೇಕಾದದ್ದು ಅದೇ ಅಲ್ವಾ? ಕೆಳಗೆ ಕಾವಲುಗಾರ ತಡೆದಾಗ ನಾನಾವತಿ ಹೇಳಿದ್ದೂ ಆಕಸ್ಮಿಕದ ಕಥೆಯಲ್ಲ. ತನ್ನ ಹೆಂಡತಿಯ ಜೊತೆ ಸಂಬಂಧ ಇಟ್ಟುಕೊಂಡಿದ್ದಕ್ಕೆ ಕೊಂದೆ ಅಂತ. ಪೊಲೀಸ್ ಕಚೇರಿಯಲ್ಲಿ ತನ್ನ ಹೆಸರಿನ ಕಾಗುಣಿತ ತಪ್ಪಾಗಿ ಬರೆದಿದ್ದನ್ನು ತಿದ್ದಿಸುವಷ್ಟು ತಣ್ಣಗಿದ್ದರು ಮನುಷ್ಯ. ಟವೆಲ್, ಲಕೋಟೆ, ಹಡಗಿನಲ್ಲಿ ಹೇಳಿದ ಸುಳ್ಳು, ಒಂದು ಅಕ್ಷರದ ತಿದ್ದುಪಡಿ. ಇಷ್ಟೇ ಚೂರುಪಾರು ಪೊಲೀಸರ ಕೈಲಿದ್ದದ್ದು.

ಇನ್ನು ನಮ್ಮ ಕಡೆ ಬರೋಣ, ಅಂದರೆ ಮಾಧ್ಯಮದ ಕಡೆ. ಆಗ ಚಾನೆಲ್ ಇರಲಿಲ್ಲ, ಆರ್.ಕೆ. ಕರಂಜಿಯಾ ಅವರ ಬ್ಲಿಟ್ಜ್ ವಾರಪತ್ರಿಕೆ ಇತ್ತು. ಬಿಳಿ ಸಮವಸ್ತ್ರದ ಗಂಡನೇ ಹೀರೋ, ಸತ್ತವನು ಸಂಸಾರ ಮುರಿಯುವ ಶೋಕಿಲಾಲ. ಬೀದಿಯಲ್ಲಿ ಅಹುಜಾ ಟವೆಲ್, ಆಟಿಕೆಯ ನಾನಾವತಿ ರಿವಾಲ್ವರ್ ಮಾರಾಟವಾದವು. ಯಾವ ಟವೆಲ್ ಕೋರ್ಟಿನಲ್ಲಿ ಗಂಡನ ಕಥೆಗೆ ವಿರುದ್ಧವಾಗಿ ನಿಂತಿತ್ತೋ ಅದೇ ಬೀದಿಯಲ್ಲಿ ತಮಾಷೆಯ ವಸ್ತು. ಒಂಬತ್ತು ಜನರ ಜ್ಯೂರಿ 1959ರ ಅಕ್ಟೋಬರ್ 21ರಂದು ಎಂಟಕ್ಕೆ ಒಂದರಂತೆ ನಿರ್ದೋಷಿ ಅಂದುಬಿಟ್ಟಿತು. ಇಂದು ನಮ್ಮ ಪ್ಯಾನೆಲ್‌ನಲ್ಲಿ ರಾತ್ರಿ ಒಂಬತ್ತಕ್ಕೆ ಕೂರುವ ಎಂಟು ಕಿಟಕಿಗಳನ್ನು ನೋಡಿದಾಗಲೆಲ್ಲ ನನಗೆ ಆ ಎಂಟು ಜನ ನೆನಪಾಗ್ತಾರೆ.

ಆದರೆ ಸೆಷನ್ಸ್ ನ್ಯಾಯಾಧೀಶ ಆರ್.ಬಿ. ಮೆಹ್ತಾ ಒಪ್ಪಲಿಲ್ಲ. ಸಾಕ್ಷ್ಯ ನೋಡಿದ ಯಾರೂ ಇಂಥ ತೀರ್ಮಾನಕ್ಕೆ ಬರಲಾರರು ಅಂತ ಕೇಸನ್ನು ಹೈಕೋರ್ಟಿಗೆ ಕಳಿಸಿದರು. 1960ರ ಮಾರ್ಚ್ 11ಕ್ಕೆ ಹೈಕೋರ್ಟ್ ಜೀವಾವಧಿ ಶಿಕ್ಷೆ ಕೊಟ್ಟಿತು. ಅದೇ ದಿನ ರಾಜ್ಯಪಾಲರು ಶಿಕ್ಷೆಯನ್ನು ಅಮಾನತಿನಲ್ಲಿಟ್ಟು ನಾನಾವತಿಯನ್ನು ನೌಕಾಪಡೆಯ ವಶದಲ್ಲೇ ಉಳಿಸಿದ್ದು ಬೇರೆಯೇ ದೊಡ್ಡ ಸಾಂವಿಧಾನಿಕ ಜಗಳ, ಅದು ಇಲ್ಲಿ ಬೇಡ. 1961ರ ನವೆಂಬರ್ 24ರಂದು ಸುಪ್ರೀಂ ಕೋರ್ಟ್, ನ್ಯಾಯಮೂರ್ತಿ ಕೆ. ಸುಬ್ಬರಾವ್ ಬರೆದ ತೀರ್ಪಿನಲ್ಲಿ, ಗಡಿಯಾರವನ್ನೇ ಮುಂದಿಟ್ಟಿತು. ಒಂದೂವರೆಗೆ ಮನೆ ಬಿಟ್ಟರು, ಕೊಲೆ ನಡೆದದ್ದು ನಾಲ್ಕು ಇಪ್ಪತ್ತಕ್ಕೆ. ಸುಮಾರು ಮೂರು ಗಂಟೆ. ಹತೋಟಿ ತಪ್ಪಿದ ಮನಸ್ಸು ಹತೋಟಿಗೆ ಬರಲು ಅಷ್ಟು ಹೊತ್ತು ಸಾಕು. ನಡುವೆ ಹೆಂಡತಿ ಮಕ್ಕಳ ಮುಂದಿನ ಗತಿಯ ಬಗ್ಗೆಯೂ ಯೋಚಿಸಿದ್ದ ಮನುಷ್ಯ ಅದು. ಶಿಕ್ಷೆ ಖಾಯಂ ಆಯಿತು.

1964ರಲ್ಲಿ ರಾಜ್ಯಪಾಲೆ ವಿಜಯಲಕ್ಷ್ಮಿ ಪಂಡಿತ್ ಕ್ಷಮಾದಾನ ಕೊಟ್ಟರು. ಅಹುಜಾನ ಅಕ್ಕ ಮಾಮಿ ತನ್ನ ಅಭ್ಯಂತರ ಇಲ್ಲ ಅಂತ ಬರೆದುಕೊಟ್ಟ ಮೇಲೆ. ಗುಂಡಿನ ಸದ್ದು ಕೇಳಿದಾಗ ಅದೇ ಫ್ಲ್ಯಾಟಿನಲ್ಲಿ ಇದ್ದವಳು ಆಕೆ. ನಾನಾವತಿ ದಂಪತಿ ಮಕ್ಕಳೊಂದಿಗೆ 1968ರಲ್ಲಿ ಕೆನಡಾಕ್ಕೆ ಹೋದರು. ಲೋಬೋ ಮುಂದೆ ಸಿಬಿಐ ನಿರ್ದೇಶಕರಾದರು. ಈ ಕಥೆಯನ್ನು ಹಿಂದಿ ಸಿನಿಮಾದವರು ಮತ್ತೆ ಮತ್ತೆ ಮುಟ್ಟಿದರು, 2016ರ ರುಸ್ತುಮ್ ತನಕ. ಅದರಲ್ಲೂ ಹೀರೋ ಬಿಳಿ ಸಮವಸ್ತ್ರದವನೇ.